ಜರಡಿ ಹಿಡಿಯದ ಹಿಟ್ಟು: ಗಾಂಧಿ ಬಜಾರಿನ ಹಿಂದಿನ ಗಿರಣಿಯೊಂದರ ಬಗ್ಗೆ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂಬದಿಯ ಓಣಿಯೊಂದರಲ್ಲಿರುವ ಈ ಹಿಟ್ಟಿನ ಗಿರಣಿಗೆ ನಾನು ಎರಡು ವರ್ಷದಿಂದ ಹೋಗುತ್ತಿದ್ದೇನೆ. ಮುಂದುಗಡೆ ಅಂಗಡಿ, ಹಿಂದುಗಡೆ ಗಿರಣಿ. ರಾಗಿ, ಪಾಲಿಶ್ ಮಾಡದ ಕೆಂಪಕ್ಕಿ, ಜೋಳ, ಗೋಧಿ, ಹುರುಳಿ, ಕಡಲೆ ಎಲ್ಲವೂ ಬಾಯಿ ಮಡಚಿದ ಗೋಣಿಚೀಲಗಳಲ್ಲಿ ಸಾಲಾಗಿ ಇರುತ್ತವೆ. ಬೇಕಾದಷ್ಟು ತೂಗಿಸಿ, ಅಲ್ಲೇ ಹಿಟ್ಟು ಮಾಡಿಸಿಕೊಂಡು ಬರಬಹುದು. ಗಲ್ಲೆಯ ಹತ್ತಿರ ಕೂರುವ ಅಮ್ಮನವರು ರಾಗಿಯನ್ನು ಒಳಗೆ ಕಳಿಸುವ ಮೊದಲು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳುತ್ತಾರೆ: “ಜರಡಿ ಹಿಡಿಯೋದಾ, ಹಾಗೇ ಇರ್ಲಾ ಮಾರಾಯ್ರೆ?” ಬೇರೆ ಯಾವ ಗಿರಣಿಯಲ್ಲೂ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಈ ಅಂಗಡಿಯ ಬಗ್ಗೆ ನಾಲ್ಕು ಜನಕ್ಕೆ ತಿಳಿಸಬೇಕೆಂದು ಅನ್ನಿಸಿದ್ದು ಆ ಪ್ರಶ್ನೆಯಿಂದಲೇ.

ಜರಡಿ ಹಿಡಿದರೆ ರಾಗಿಯ ಸಿಪ್ಪೆ ಹೊರಹೋಗುತ್ತದೆ, ಅದರ ಜೊತೆಗೆ ನಾರು, ಅಂದರೆ ಹೊಟ್ಟೆಯಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುವ ಅಂಶವೂ ಹೋಗುತ್ತದೆ. ಆ ಪ್ರಶ್ನೆ ನನಗೆ ಏಕೆ ದೊಡ್ಡದಾಗಿ ಕಂಡಿತು ಎಂದು ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ನಾನು ಏಳು ವರ್ಷ ಉಗಾಂಡಾದ ಕಂಪಾಲಾದಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವನು. ಪಶ್ಚಿಮ ಉಗಾಂಡಾದ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದಾಗ ಹೆಣೆದ ಬುಟ್ಟಿಯಲ್ಲಿ ಕಂದು ಬಣ್ಣದ ಬಿಸಿ ಮುದ್ದೆಯೊಂದನ್ನು ತಂದಿಟ್ಟರು. ಅವರು ಅದನ್ನು ಕಾಲೊ ಎಂದರು; ನನ್ನ ಕೈಗೆ ಅದು ಅಮ್ಮ ಕಟ್ಟುತ್ತಿದ್ದ ರಾಗಿ ಮುದ್ದೆಯೇ ಆಗಿತ್ತು. ಅಲ್ಲಿ ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟನ್ನು ಬೆರೆಸುವುದೂ ಉಂಟು, ಸಾರಿನ ಬದಲು ನೆಲಗಡಲೆಯ ಗೊಜ್ಜು ಇರುತ್ತದೆ, ಅಷ್ಟೇ ವ್ಯತ್ಯಾಸ. ರಾಗಿಯ ತವರು ನಮ್ಮದೆಂದು ನಾವು ತಿಳಿದಿರುತ್ತೇವೆ, ಆದರೆ ಅದು ಮೊದಲು ಬೇಸಾಯಕ್ಕೆ ಬಂದದ್ದು ಇಥಿಯೋಪಿಯಾ ಮತ್ತು ಉಗಾಂಡಾದ ಎತ್ತರದ ಪ್ರದೇಶಗಳಲ್ಲಿ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ಇಲ್ಲಿ ಮನೆಮಗಳಾಯಿತು.

ಅದೇ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಡೆನಿಸ್ ಬರ್ಕಿಟ್ ಎಂಬ ಐರಿಶ್ ಶಸ್ತ್ರಚಿಕಿತ್ಸಕರು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಮಕ್ಕಳ ದವಡೆಯಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಅನ್ನು 1958ರಲ್ಲಿ ವಿವರಿಸಿ ಹೆಸರಾದವರು. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಅವರ ಆಮೇಲಿನ ಕೆಲಸ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಕಾಣುವ ಅಪೆಂಡಿಸೈಟಿಸ್, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ದೊಡ್ಡ ಕರುಳಿನ ಗೋಡೆ ಉಬ್ಬಿ ಚೀಲಗಳಾಗುವ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಇವು ಆಫ್ರಿಕಾದ ಹಳ್ಳಿಗಳ ಜನರಲ್ಲಿ ಅಪರೂಪವೆಂದು ಅವರು ಗಮನಿಸಿದರು; ತಮ್ಮ ಅನುಭವವೊಂದನ್ನೇ ನಂಬದೆ ಅನೇಕ ಮಿಷನ್ ಆಸ್ಪತ್ರೆಗಳಿಗೆ ಪತ್ರ ಬರೆದು ಮಾಹಿತಿ ತರಿಸಿಕೊಂಡರು. ದಕ್ಷಿಣ ಆಫ್ರಿಕಾದ ಅಲೆಕ್ ವಾಕರ್ ಮತ್ತು ಇಂಗ್ಲೆಂಡಿನ ನೀಲ್ ಪೇಂಟರ್ ಜೊತೆ ಸೇರಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಸ್-ರೇಯಲ್ಲಿ ಕಾಣುವ ಪುಟ್ಟ ಪ್ಲಾಸ್ಟಿಕ್ ಗುಳಿಗೆಗಳನ್ನು ಜನರಿಗೆ ನುಂಗಿಸಿ, ಅವು ಹೊರಬರಲು ಎಷ್ಟು ಹೊತ್ತಾಗುತ್ತದೆ ಎಂದು ಲೆಕ್ಕ ಹಾಕಿದರು. ಉಗಾಂಡಾದ ಹಳ್ಳಿಗರಲ್ಲಿ ಅದಕ್ಕೆ ಸುಮಾರು 36 ಗಂಟೆ ಹಿಡಿದರೆ, ಬ್ರಿಟಿಷ್ ನೌಕಾಪಡೆಯವರಲ್ಲಿ ಮತ್ತು ಅವರ ಹೆಂಡತಿಯರಲ್ಲಿ 80 ಗಂಟೆಗೂ ಹೆಚ್ಚು ಹಿಡಿಯಿತು. ದಿನಕ್ಕೆ ಹೋಗುವ ಮಲದ ತೂಕ ಹಳ್ಳಿಗರಲ್ಲಿ ಸುಮಾರು 470 ಗ್ರಾಂ, ಬ್ರಿಟಿಷರಲ್ಲಿ ಸುಮಾರು 100 ಗ್ರಾಂ. ಹಳ್ಳಿಗರ ಊಟದಲ್ಲಿ ನಾರು ಹೆಚ್ಚಿರುವುದೇ ಈ ವ್ಯತ್ಯಾಸಕ್ಕೂ ಆ ಕಾಯಿಲೆಗಳು ಅಪರೂಪವಾಗಿರುವುದಕ್ಕೂ ಕಾರಣವೆಂಬುದು ಅವರ ವಾದ. ಹೇಳಲು ಸಂಕೋಚ ಪಡುವ ವಿಷಯವಾದರೂ ಇದನ್ನು ತೂಗಿ ನೋಡಿದ್ದರಿಂದಲೇ ನಾರಿನ ಮಾತು ವೈದ್ಯಲೋಕದ ಮುಂದೆ ಬಂತು.

ಊರಿಗೆ ಮರಳಿದ ಮೇಲೆ ನನ್ನ ತಟ್ಟೆ ಬದಲಾಯಿತು. ಬೆಳಿಗ್ಗೆ ಇಡ್ಲಿ ಅಥವಾ ಬನ್ನು, ಮಧ್ಯಾಹ್ನ ಬೆಳ್ಳಗಿನ ಅನ್ನ, ಸಂಜೆ ಬೇಕರಿ, ರಾತ್ರಿ ಮತ್ತೆ ಅನ್ನ. ಮೂರು ವರ್ಷದೊಳಗೆ ಮಲಬದ್ಧತೆ ಹೆಚ್ಚಿ, ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಡಾಕ್ಟರರು ಸೊಪ್ಪು, ಕಾಳು, ರಾಗಿ ತಿನ್ನಿ ಎಂದರು. ರಾಗಿ ಹಿಟ್ಟಿಗಾಗಿ ಅಂಗಡಿ ಅಂಗಡಿ ಅಲೆದಾಗಲೇ ಈ ಗಿರಣಿ ಸಿಕ್ಕಿತು.

ಈಗ ಹಿಟ್ಟಿನ ವಿಚಾರ. ಗಿರಣಿಯಿಂದ ಹೊರಬರುವ ರಾಗಿ ಹಿಟ್ಟು ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಬೆವರಿ ಮುಗ್ಗಲು ಬರುತ್ತದೆಂದು ಇಲ್ಲಿಯ ಹುಡುಗ ಅಗಲವಾದ ಅಲ್ಯೂಮಿನಿಯಂ ತಟ್ಟೆಯಲ್ಲಿ ಹರವಿ, ಆರಿಸಿ, ಆಮೇಲೆ ಚೀಲಕ್ಕೆ ಹಾಕುತ್ತಾನೆ. ಅಷ್ಟು ಹೊತ್ತು ಕಾಯಲೇಬೇಕು. ಹಿಟ್ಟಿನ ಬಣ್ಣ ಗಾಢ ಕಂದು, ಬೆರಳುಗಳ ನಡುವೆ ಉಜ್ಜಿದರೆ ಸಣ್ಣ ತರಿ ಸಿಗುತ್ತದೆ. ಒಮ್ಮೆ ಇದರ ಅರ್ಧ ಕಿಲೋವನ್ನು, ಬೇರೆ ಕಡೆಯಿಂದ ತಂದಿದ್ದ ನುಣುಪು ಹಿಟ್ಟಿನ ಅರ್ಧ ಕಿಲೋವನ್ನು ಮನೆಯ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ನೋಡಿದೆ. ಇದರಲ್ಲಿ ಒಂದು ಹಿಡಿಯಷ್ಟು ಕೆಂಪು ಸಿಪ್ಪೆ ಉಳಿಯಿತು, ಅದರಲ್ಲಿ ಚಿಟಿಕೆಯೂ ಉಳಿಯಲಿಲ್ಲ. ಇದೊಂದೇ ಪರೀಕ್ಷೆ ಸಾಲದು, ಏಕೆಂದರೆ ಬಹಳ ನುಣ್ಣಗೆ ಬೀಸಿದರೆ ಸಿಪ್ಪೆಯೂ ಜರಡಿಯಿಂದ ಇಳಿದುಹೋಗುತ್ತದೆ. ಆದರೆ ಬಣ್ಣವೂ ತಿಳಿಯಾಗಿದ್ದುದರಿಂದ ಆ ಹಿಟ್ಟಿನ ಸಿಪ್ಪೆ ಬೇರೆ ಎಲ್ಲೋ ಹೋಗಿದೆ ಎಂದೇ ನನ್ನ ಅನಿಸಿಕೆ. ರಾಗಿಯ ನಾರಿನ ಹೆಚ್ಚಿನ ಪಾಲು ಆ ಕೆಂಪು ಸಿಪ್ಪೆಯಲ್ಲೇ ಇರುವುದು. ಈ ಹಿಟ್ಟಿನ ಮುದ್ದೆ ಸ್ವಲ್ಪ ಒರಟು, ಗಂಟಾಗದಂತೆ ಕೋಲಿನಲ್ಲಿ ಇನ್ನೆರಡು ಸುತ್ತು ಹೆಚ್ಚು ತಿರುವಬೇಕು. ಬಸ್ಸಾರಿನ ಜೊತೆ ಇದರ ರುಚಿಗೆ ಸಾಟಿಯಿಲ್ಲ.

ಕೆಂಪಕ್ಕಿಯ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಅಕ್ಕಿ ಒಳ್ಳೆಯದೇ, ಗಂಜಿಗೂ ಕಡುಬಿಗೂ ಚೆನ್ನಾಗಿ ಹೊಂದುತ್ತದೆ. ಆದರೆ ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಪಾಲಿಶ್ ಮಾಡದ ಅಕ್ಕಿ ಬೇಗ ಕೆಡುತ್ತದೆ, ಅದರಲ್ಲೂ ನಮ್ಮ ಮಳೆಗಾಲದ ಥಂಡಿಯಲ್ಲಿ. ಕಳೆದ ಆಷಾಢದಲ್ಲಿ ತಂದ ಐದು ಕಿಲೋ ಅಕ್ಕಿ ಹದಿನೈದು ದಿನಕ್ಕೆ ಕಮಟು ವಾಸನೆ ಹಿಡಿಯಿತು. ಅಕ್ಕಿ ಮಾಡಿಸಿದ ದಿನಾಂಕ ಚೀಲದ ಮೇಲೆ ಎಲ್ಲಿಯೂ ಇರಲಿಲ್ಲ. ಇನ್ನೊಂದು ಮಾತು: ಕೆಂಪಕ್ಕಿ ತಿಂದರೆ ನಾರಿನ ಲೆಕ್ಕ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ, ಅಂಗಡಿಯವರೂ ಹಾಗೇ ಹೇಳುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 2.8 ಗ್ರಾಂ ನಾರು, ಪಾಲಿಶ್ ಮಾಡದ ಅಕ್ಕಿಯಲ್ಲಿ ಸುಮಾರು 4.4 ಗ್ರಾಂ, ರಾಗಿಯಲ್ಲಿ ಸುಮಾರು 11 ಗ್ರಾಂ, ಇಡೀ ಕಡಲೆಕಾಳಿನಲ್ಲಿ ಸುಮಾರು 25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆನ್ನುತ್ತದೆ. ಆದ್ದರಿಂದ ಈ ಅಂಗಡಿಯಲ್ಲಿ ನಾರಿಗಾಗಿ ದುಡ್ಡು ಕೊಡುವವರು ಮೊದಲು ಕಾಳಿನ ಚೀಲಗಳ ಕಡೆ ನೋಡಲಿ, ಆಮೇಲೆ ರಾಗಿ, ಕೊನೆಗೆ ಅಕ್ಕಿ.

ನನ್ನ ನಿಜವಾದ ತಕರಾರು ಇರುವುದು ಗಲ್ಲೆಯ ಪಕ್ಕದಲ್ಲಿ ಜೋಡಿಸಿಟ್ಟಿರುವ ‘ನಾರಿನ ಪುಡಿ’ಯ ಪೊಟ್ಟಣಗಳ ಮೇಲೆ. ಗೋಧಿ ಬೂಸಾ, ಇಸಬ್‌ಗೋಲ್ ಮತ್ತು ಅಗಸೆ ಬೀಜದ ಪುಡಿಯ ಮಿಶ್ರಣ ಅದು. ಆಫ್ರಿಕಾದ ಹಳ್ಳಿಗರಿಗೆ ಕರುಳಿನ ಕ್ಯಾನ್ಸರ್ ಬರುವುದೇ ಇಲ್ಲ, ದಿನಕ್ಕೆರಡು ಚಮಚ ಇದನ್ನು ತಿಂದರೆ ನಿಮಗೂ ಬರುವುದಿಲ್ಲ ಎಂಬ ಅರ್ಥದ ಬರಹ ಅದರ ಮೇಲಿದೆ. ಇದು ತಪ್ಪು, ಕಾಯಿಲೆಯವರು ಓದಿ ನಂಬುವಂಥ ತಪ್ಪು. ಬರ್ಕಿಟ್ ಕಂಡದ್ದು ‘ಅಪರೂಪ’ ಎಂಬುದನ್ನು, ‘ಇಲ್ಲವೇ ಇಲ್ಲ’ ಎಂಬುದನ್ನಲ್ಲ. ಆ ಕಾಲದಲ್ಲಿ ಅಲ್ಲಿ ಆಸ್ಪತ್ರೆ ತಲುಪದ ರೋಗಿಗಳು ಬಹಳ, ಮುಪ್ಪಿನ ಕಾಯಿಲೆಗಳು ಬರುವಷ್ಟು ವಯಸ್ಸಾಗುವ ಮೊದಲೇ ತೀರಿಕೊಂಡವರೂ ಬಹಳ. ನಾರೊಂದೇ ಅಲ್ಲ, ಮಾಂಸ, ಕೊಬ್ಬು, ಕೆಲಸ, ನಡಿಗೆ ಎಲ್ಲವೂ ಬೇರೆಯಾಗಿದ್ದವು. ಈಗ ಕಂಪಾಲಾದ ಕ್ಯಾನ್ಸರ್ ನೋಂದಣಿಯಲ್ಲೇ ದೊಡ್ಡ ಕರುಳಿನ ಕ್ಯಾನ್ಸರ್ ದಶಕದಿಂದ ದಶಕಕ್ಕೆ ಏರುತ್ತಾ ಬಂದಿದೆ. ಹೆಚ್ಚು ನಾರು ತಿನ್ನುವ ನಾಡುಗಳಿಗೆ ತಮ್ಮದೇ ಆದ ಕರುಳಿನ ಸಂಕಟಗಳೂ ಇವೆ: ದೊಡ್ಡ ಕರುಳಿನ ಕೊನೆಯ ಭಾಗ ತಿರುಚಿಕೊಂಡು ಕಟ್ಟುವ ತುರ್ತು ಕಾಯಿಲೆಯನ್ನು ಪೂರ್ವ ಆಫ್ರಿಕಾದ ಶಸ್ತ್ರಚಿಕಿತ್ಸಕರು ಯೂರೋಪಿನವರಿಗಿಂತ ಬಹಳ ಹೆಚ್ಚಾಗಿ ನೋಡುತ್ತಾರೆ.

ಹಾಗೆಂದು ನಾರು ಕರುಳಿಗೆ ಒಳ್ಳೆಯದೆಂಬ ಮೂಲ ವಿಚಾರ ಸುಳ್ಳಾಗಿಲ್ಲ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ 20 ಜನ ಮತ್ತು ಅಮೆರಿಕದ ಆಫ್ರಿಕನ್ ಮೂಲದ 20 ಜನ ಎರಡು ವಾರ ಊಟ ಬದಲಾಯಿಸಿಕೊಂಡರು. ಅಮೆರಿಕದವರ ನಾರು ದಿನಕ್ಕೆ ಸುಮಾರು 14 ಗ್ರಾಂನಿಂದ 55ಕ್ಕೆ ಏರಿತು, ಆಫ್ರಿಕಾದವರದು ಸುಮಾರು 66ರಿಂದ 12ಕ್ಕೆ ಇಳಿಯಿತು, ಕೊಬ್ಬು ಅದಕ್ಕೆ ವಿರುದ್ಧವಾಗಿ ಬದಲಾಯಿತು. ಆ ಹದಿನಾಲ್ಕೇ ದಿನಗಳಲ್ಲಿ ನಾರನ್ನು ಹುದುಗಿಸಿ ಕರುಳಿನ ಸೂಕ್ಷ್ಮಜೀವಿಗಳು ತಯಾರಿಸುವ, ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯೂಟಿರೇಟ್ ಎಂಬ ವಸ್ತು ಅಮೆರಿಕದವರಲ್ಲಿ ಎರಡೂವರೆ ಪಟ್ಟಾಯಿತು, ಆಫ್ರಿಕಾದವರಲ್ಲಿ ಅರ್ಧಕ್ಕಿಳಿಯಿತು. ಗಮನಿಸಬೇಕಾದದ್ದು, ಅಲ್ಲಿ ಬದಲಾದದ್ದು ಇಡೀ ಊಟ, ಎರಡು ಚಮಚ ಪುಡಿಯಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮೆಕ್ಕೆಜೋಳದ ಗಂಜಿಯನ್ನು ರಾತ್ರಿ ಇಟ್ಟು ತಣ್ಣಗೆ ತಿನ್ನುವ ರೂಢಿಯಿದೆ. ತಣಿದ ಪಿಷ್ಟದ ಒಂದು ಭಾಗ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ನಾರಿನಂತೆಯೇ ಕೆಲಸ ಮಾಡುತ್ತದೆ. ನಮ್ಮ ತಂಗಳನ್ನಕ್ಕೂ ಇದೇ ಮಾತು ಹೊಂದುತ್ತದೆ, ಅದಕ್ಕೆ ಯಾವ ಪೊಟ್ಟಣವೂ ಬೇಕಿಲ್ಲ.

ಆ ಬರಹದ ಬಗ್ಗೆ ನಾನು ಅಮ್ಮನವರಿಗೆ ಹೇಳಿದೆ. “ನಾವು ಬರೆಸಿದ್ದಲ್ಲ, ತಂದು ಕೊಡೋರು ಹಾಗೇ ಕೊಡ್ತಾರೆ” ಎಂದರು. ಮಾರುವವರು ಅವರಾದ್ದರಿಂದ ಆ ಉತ್ತರ ಸಾಲದು. ಪುಡಿಯನ್ನು ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ನೀರು ಕಡಿಮೆ ಕುಡಿದರೆ ಮಲ ಇನ್ನಷ್ಟು ಗಟ್ಟಿಯಾಗಬಹುದು ಎಂಬ ಎಚ್ಚರಿಕೆಯಾದರೂ ಪೊಟ್ಟಣದ ಮೇಲೆ ಇರಬೇಕಿತ್ತು.

ಉಳಿದ ವಿವರಗಳು. ರಾಗಿ ಮತ್ತು ಗೋಧಿಗೆ ಒಂದೇ ಯಂತ್ರವಿರುವುದರಿಂದ ಮೊದಲ ಹಿಡಿಯಲ್ಲಿ ಹಿಂದಿನವರ ಹಿಟ್ಟು ಸೇರಿರುತ್ತದೆ. ಗೋಧಿ ಆಗದವರು ಇದನ್ನು ತಿಳಿದಿರಬೇಕು. ಖಾರದ ಪುಡಿಗೆ ಯಂತ್ರ ಬೇರೆ. ರಾಗಿಯನ್ನು ಕಲ್ಲು ಆರಿಸಿ, ತೊಳೆದು ಒಣಗಿಸಿ ಮಾರುತ್ತಾರೆ, ಬಿಸಿಲು ಕಾಣದ ಜೂನ್, ಜುಲೈ ತಿಂಗಳಲ್ಲಿ ಮಲೆನಾಡಿನ ಮನೆಗಳಿಗೆ ಇದು ದೊಡ್ಡ ಉಪಕಾರ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಕಾಯುವುದು ಕಡಿಮೆ, ಭಾನುವಾರ ರಜೆ. ಕಳೆದ ವಾರ ಹೋದಾಗ ಕೆಂಪಕ್ಕಿಯ ಚೀಲಕ್ಕೆ ಒಂದು ರಟ್ಟು ಸಿಕ್ಕಿಸಿ, ಅದರ ಮೇಲೆ ಅಕ್ಕಿ ಮಾಡಿಸಿದ ದಿನಾಂಕವನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಪುಡಿಯ ಪೊಟ್ಟಣಗಳು ಮಾತ್ರ ಗಲ್ಲೆಯ ಪಕ್ಕದಲ್ಲಿ ಇದ್ದ ಹಾಗೇ ಇದ್ದವು.