ಯುರೋಪಿನ ಕ್ವಾಲಿಫೈಯರ್ಸ್ ಪ್ಯಾಕೇಜ್: ಸರಕು ಸೂಪರ್, ಅಂಗಡಿ ಸುಮಾರು

ಫುಟ್‌ಬಾಲಲ್ಲಿ ಕ್ಲಬ್ ಲೀಗ್‌ಗಳು ನಿಂತು ದೇಶದ ಟೀಮ್‌ಗಳು ಆಡೋ ಇಂಟರ್‌ನ್ಯಾಷನಲ್ ಬ್ರೇಕ್ ಬಂತು ಅಂದ್ರೆ ಮೂಗು ಮುರಿಯೋರೇ ಜಾಸ್ತಿ, ನಂಗೆ ಉಲ್ಟಾ, ದೇಶ ದೇಶದ ಆಟ ಇದ್ರೆ ಊಟ ತಿಂಡಿನೂ ಬೇಡ. ಅದಕ್ಕೇ 2026ರ ವರ್ಲ್ಡ್ ಕಪ್‌ಗೆ ಯುರೋಪಿನ ಕ್ವಾಲಿಫೈಯರ್ಸ್ ಅಷ್ಟೂ ತೋರಿಸ್ತೀವಿ ಅಂದ ಒಂದು ಆ್ಯಪ್‌ಗೆ ದುಡ್ಡು ಕಟ್ಟಿ ಶುರುವಿಂದ ಕೊನೆವರೆಗೂ ನೋಡ್ದೆ. ಆ್ಯಪ್ ಹೆಸರು ಬೇಡ ಬಿಡಿ, ಅದಕ್ಕೆ 2 ಸ್ಟಾರ್ ಕೊಡೋದೂ ಕಷ್ಟ. ಆದ್ರೆ ಆ್ಯಪ್ ಬರೀ ಅಂಗಡಿ, ಒಳಗಿರೋ ಸರಕು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎದು, ಎಲ್ಲಾ ದೇಶದ ಮ್ಯಾಚ್ ಒಟ್ಟಿಗೆ ಸೇರಿಸಿ ಟಿವಿ ರೈಟ್ಸ್ ಮಾರೋ ಆ ಪ್ಯಾಕೇಜ್‌ಗೆ ಕಣ್ಮುಚ್ಕೊಂಡು 4 ಸ್ಟಾರ್.

ಮುಂಚೆ ಹೆಂಗಿತ್ತು ಅಂತ ಗೊತ್ತಿಲ್ದೋರಿಗೆ ಇದೇನ್ ಮಹಾ ಅನ್ಸತ್ತೆ. ಆಗ ಆಯಾ ದೇಶದ ಫೆಡರೇಷನ್ ತನ್ನ ಹೋಮ್ ಮ್ಯಾಚ್ ತಾನೇ ಮಾರ್ಕೋತಿತ್ತು. ಗ್ರೂಪಲ್ಲಿ ಆರು ಟೀಮ್ ಇದ್ರೆ ನಿಮ್ಮ ಟೀಮ್ ಹೊರದೇಶದಲ್ಲಿ ಆಡೋ ಐದು ಮ್ಯಾಚ್‌ಗೆ ಐದು ಜನ ಬೇರೆ ಬೇರೆ ಮಾಲೀಕರು, ಯಾವ್ದು ಯಾವ ಚಾನಲ್ಲಲ್ಲಿ ಬರತ್ತೆ, ಬರತ್ತೋ ಇಲ್ವೋ, ದೇವರಿಗೇ ಗೊತ್ತು. 2009ರ ಅಕ್ಟೋಬರ್‌ನಲ್ಲಿ ಯುಕ್ರೇನ್‌ನಲ್ಲಿ ಇಂಗ್ಲೆಂಡ್ ಆಡಿದ್ದು ನೆನಪಿದೆಯಾ? ರೈಟ್ಸ್ ಇಟ್ಕೊಂಡಿದ್ದ ಸೆಟಾಂಟಾ ಚಾನಲ್ ಬ್ರಿಟನ್‌ನಲ್ಲಿ ಆ ಜೂನ್‌ನಲ್ಲೇ ಬಾಗ್ಲು ಹಾಕಿತ್ತು, ಕೊನೆಗೆ ಇಂಗ್ಲೆಂಡಿನ ಜನ ತಮ್ಮದೇ ದೇಶದ ಮ್ಯಾಚ್ ನೋಡೋಕೆ ಇಂಟರ್‌ನೆಟ್ಟಲ್ಲಿ ದುಡ್ಡು ಕೊಟ್ಟು ಕೂರಬೇಕಾಯ್ತು, ಮೊದ್ಲೇ ತಗೊಂಡ್ರೆ 4.99 ಪೌಂಡು, ಮ್ಯಾಚ್ ದಿನ ಆದ್ರೆ 11.99. ಅಷ್ಟು ಕೊಟ್ಟು ನೋಡಿದ್ದೇನು, ಗೋಲ್‌ಕೀಪರ್‌ಗೆ ರೆಡ್ ಕಾರ್ಡು, 1-0 ಸೋಲು.

2011ರಲ್ಲಿ ಎಲ್ಲಾ ಫೆಡರೇಷನ್‌ಗಳು ಸೇರಿ ಇನ್ಮೇಲೆ ಒಟ್ಟಿಗೆ ಮಾರೋಣ ಅಂತ ಒಪ್ಕೊಂಡ್ರು, 2014ರ ಸೆಪ್ಟೆಂಬರ್‌ನಲ್ಲಿ ಯೂರೋ 2016 ಕ್ವಾಲಿಫೈಯರ್ಸಿಂದ ಶುರುವಾಯ್ತು. ಇದ್ರಲ್ಲಿ ನಂಗೆ ಇಷ್ಟ ಆಗೋದು ಚಿಕ್ಕ ದೇಶಗಳ ಕಥೆ. ಮುಂಚೆ ಯಾರು ಯಾವ ಗ್ರೂಪು ಅಂತ ಚೀಟಿ ಎತ್ತೋ ಡ್ರಾ ಅಂದ್ರೆ ಅವ್ರಿಗೆ ಲಾಟರಿ, ಗ್ರೂಪಲ್ಲಿ ಜರ್ಮನಿನೋ ಇಟಲಿನೋ ಬಿತ್ತು ಅಂದ್ರೆ ಆ ದೇಶದ ಟಿವಿಯಿಂದ ದುಡ್ಡು, ಬೀಳ್ಲಿಲ್ಲ ಅಂದ್ರೆ ಬರಿಗೈ. ಈಗ ಯಾರು ಬಂದ್ರೂ ಇಷ್ಟು ಬರತ್ತೆ ಅಂತ ಮೊದ್ಲೇ ಗೊತ್ತಿರತ್ತೆ. ಎಲ್ರಿಗೂ ಸಮ ಪಾಲೇನಲ್ಲ, ದೊಡ್ಡೋರಿಗೆ ದೊಡ್ಡ ತುತ್ತೇ, ಆದ್ರೂ ಪರ್ವಾಗಿಲ್ಲ.

ಫೇರೋ ಐಲ್ಯಾಂಡ್ಸ್ ಕಳೆದ ಅಕ್ಟೋಬರ್‌ನಲ್ಲಿ, ಅಂದ್ರೆ 2025ರಲ್ಲಿ, ಝೆಕ್ ಟೀಮನ್ನ 2-1 ಸೋಲಿಸ್ತಲ್ಲ, ಅದೇ ನನ್ನ ಪೈಸಾ ವಸೂಲ್ ಮ್ಯಾಚ್. ಸ್ಕೋರ್ ಪಟ್ಟಿ, ಲೈನಪ್ ಗ್ರಾಫಿಕ್ಸ್, ಮ್ಯೂಸಿಕ್ ಎಲ್ಲಾ ಜರ್ಮನಿ ಮ್ಯಾಚಲ್ಲಿ ಇರೋದೇ, ಬಡವ್ರ ಮನೆ ಮದ್ವೆ ಅಂತ ಬೇರೆ ಶಾಮಿಯಾನ ಇಲ್ಲ. ಮುಗಿಯೋಕೆ ಹತ್ತು ನಿಮಿಷದೊಳಗೆ ಗೆಲುವಿನ ಗೋಲು ಬಿತ್ತು, ಆದ್ರೆ ನನ್ನ ಸ್ಕ್ರೀನಲ್ಲಿ ಬಾಲ್ ಇನ್ನೂ ಮಿಡ್‌ಫೀಲ್ಡಲ್ಲೇ ಇರೋವಾಗ ಫೋನ್ ಟಿಣ್ ಅಂತು, ಗೋಲ್ ಅಂತೆ! ಅದೇ ಆ್ಯಪಿನ ನೋಟಿಫಿಕೇಷನ್ನು. ಸ್ಟ್ರೀಮ್ ಲೇಟಾಗಿ ಬರತ್ತೆ ಅಂತ ಗೊತ್ತಿದ್ದೂ ನೋಟಿಫಿಕೇಷನ್ ಮುಂಚೆ ಕಳ್ಸೋರಿಗೆ ಏನನ್ಬೇಕು ಹೇಳಿ.

ಪ್ಯಾಕೇಜಲ್ಲೂ ಹುಳುಕಿದೆ, ಇಲ್ಲ ಅನ್ನಲ್ಲ. ಮ್ಯಾಚ್‌ಗಳನ್ನ ಗುರುವಾರದಿಂದ ಮಂಗಳವಾರದವರೆಗೆ ಹಂಚಿರ್ತಾರೆ, ದಿನಾ ಏನೋ ಒಂದು ಇರತ್ತೆ ಅನ್ನೋದು ನಿಜ, ಆದ್ರೆ ಯುರೋಪ್ ಟೈಮ್ ರಾತ್ರಿ 8.45ರ ಸ್ಲಾಟಲ್ಲಿ ಎರಡು ಒಳ್ಳೆ ಮ್ಯಾಚ್ ಡಿಕ್ಕಿ ಹೊಡೀತವೆ, ಮಾರನೇ ದಿನ ನೋಡಿದ್ರೆ ಬರೀ ಸಪ್ಪೆ. ಇನ್ನೊಂದು, ಮಾರೋನು ಒಬ್ಬನೇ ಆದ್ರೂ ಕೊಳ್ಳೋರು ದೇಶಕ್ಕೊಬ್ರು, ಹಾಗಾಗಿ ಒಂದ್ಕಡೆ ಒಂದೇ ಆ್ಯಪಲ್ಲಿ ಸಿಗೋದು ಇನ್ನೊಂದ್ಕಡೆ ಎರಡು ಮೂರು ಚಾನಲ್‌ಗೆ ಹರಿದು ಹಂಚಿ ಹೋಗಿರತ್ತೆ.

ಆದ್ರೂ ಬೇರೆ ಖಂಡದೋರನ್ನ ನೋಡಿದ್ರೆ ಇದೇ ಸ್ವರ್ಗ. ಸೌತ್ ಅಮೆರಿಕದಲ್ಲಿ ಹೋಮ್ ಫೆಡರೇಷನ್‌ದೇ ವ್ಯಾಪಾರ, 2020ರಲ್ಲಿ ಪೆರು-ಬ್ರೆಝಿಲ್ ಮ್ಯಾಚ್ ಬ್ರೆಝಿಲಿನ ದೊಡ್ಡ ಚಾನಲ್ ಗ್ಲೋಬೋದಲ್ಲಿ ಬರ್ಲೇ ಇಲ್ಲ, ಸರ್ಕಾರಿ ಚಾನಲ್ ತೋರಿಸ್ತು, ಅದೂ ನೇಮಾರ್ ಹ್ಯಾಟ್ರಿಕ್ ಹೊಡ್ದ ಮ್ಯಾಚು! ಏಷ್ಯಾದಲ್ಲಿ ಎರಡನೇ ರೌಂಡ್ ತನಕ ಇದೇ ಹಣೆಬರಹ, 2023ರ ನವೆಂಬರ್‌ನಲ್ಲಿ ಸೌದಿಯ ಜೆಡ್ಡಾದಲ್ಲಿ ನಡೆದ ಸಿರಿಯಾದ ಹೋಮ್ ಮ್ಯಾಚಲ್ಲಿ ಜಪಾನ್ 5-0 ಗೆದ್ರೆ ಜಪಾನ್ ಟಿವಿಲಿ ಲೈವೇ ಇಲ್ಲ, ಕೇಳಿದ ರೇಟು ಯಾರಿಗೂ ಗಿಟ್ಟಲಿಲ್ಲ.

ಯುರೋಪಿನ ದೇಶಗಳದ್ದೇ ಇನ್ನೊಂದು ಟೂರ್ನಿ ನೇಷನ್ಸ್ ಲೀಗ್‌ಗೂ ಈ ಪ್ಯಾಕೇಜೇ ನೋಡ್ತೀನಿ, ಅಂಗಡಿ ಮಾತ್ರ ಬೇರೆ ಹುಡುಕ್ಬೇಕು. ಈ ಆ್ಯಪಲ್ಲಿ ಆಟೋ ರಿನ್ಯೂವಲ್ ಆಫ್ ಮಾಡೋ ಬಟನ್ ಎಲ್ಲಿದೆ ಅಂತ ಹುಡುಕೋಕೆ ಹಾಫ್ ಟೈಮಲ್ಲಿ ಕೂತೆ, ಸಿಗೋ ಹೊತ್ಗೆ ಸೆಕೆಂಡ್ ಹಾಫಲ್ಲಿ ಎರಡು ಗೋಲ್ ಆಗಿತ್ತು.