ಡೆಲ್ಟಾವಿಂಗ್: ಅರ್ಧ ತೂಕ, ಅರ್ಧ ಇಂಧನ, ಆದರೂ ಓಡಿದ ಕಾರು

ಅಂಕ ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ ನಾಲ್ಕೂವರೆ.

2012ರಲ್ಲಿ ಫ್ರಾನ್ಸ್‌ನ ಲ ಮಾನ್ 24 ಗಂಟೆ ರೇಸ್‌ನಲ್ಲಿ ಓಡಿದ ಈ ಕಾರನ್ನು ಮೊದಲ ಸಲ ನೋಡಿದವರು ಕೇಳುವುದು ಒಂದೇ, ತಿರುವಿನಲ್ಲಿ ಇದು ಮಗುಚಿಕೊಳ್ಳಲ್ವಾ? ನನಗೂ ಹಾಗೇ ಅನಿಸಿತ್ತು. ಮುಂದಿನ ಎರಡು ಚಕ್ರಗಳ ನಡುವೆ ಇರುವುದು ಎರಡೇ ಅಡಿ. ಮಿಶೆಲಿನ್ ಇದಕ್ಕಂತಲೇ ಮಾಡಿಕೊಟ್ಟ ಮುಂದಿನ ಟೈರಿನ ಅಗಲ ಸುಮಾರು 10 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಸ್ಕೂಟರ್ ಟೈರಿನಷ್ಟು.

ಗುಟ್ಟು ಇರುವುದು ತೂಕದಲ್ಲಿ. ಇಂಜಿನ್, ಟ್ಯಾಂಕ್, ಡ್ರೈವರ್ ಎಲ್ಲಾ ಹಿಂದಕ್ಕೆ ಸರಿದಿರುವುದರಿಂದ ಶೇ. 70ಕ್ಕಿಂತ ಜಾಸ್ತಿ ಭಾರ ಹಿಂದಿನ ಚಕ್ರಗಳ ಮೇಲೇ ಬೀಳುತ್ತದೆ, ಮೂತಿ ಹಗುರ, ಹಗುರವಾದ ಮೂತಿಯನ್ನು ತಿರುಗಿಸೋದಕ್ಕೆ ದೊಡ್ಡ ಟೈರು ಯಾಕೆ ಬೇಕು? ರೆಕ್ಕೆಗಳೂ ಇಲ್ಲ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಕೆಲಸವನ್ನು ಅದರ ತಳವೇ ಮಾಡುತ್ತದೆ, ಹಾಗಾಗಿ ಗಾಳಿಯ ತಡೆ ತುಂಬಾ ಕಡಿಮೆ. ವಿನ್ಯಾಸಕ ಬೆನ್ ಬೌಲ್ಬಿ ಇದನ್ನು ಮೊದಲು ಅಮೆರಿಕದ ಇಂಡಿಕಾರ್ ರೇಸ್ ಸರಣಿಗಾಗಿ ರೂಪಿಸಿದ್ದರು, ಇಂಡಿಕಾರ್‌ನವರು ಬೇಡ ಅಂದರು. ಆಮೇಲೆ ರೇಸಿಂಗ್ ಉದ್ಯಮಿ ಡಾನ್ ಪನೋಜ್ ಕೈಜೋಡಿಸಿದರು, ಹಳೇ ರೇಸರ್ ಡ್ಯಾನ್ ಗರ್ನಿಯವರ ಕ್ಯಾಲಿಫೋರ್ನಿಯಾದ ವರ್ಕ್‌ಶಾಪ್‌ನಲ್ಲಿ ಕಾರು ತಯಾರಾಯಿತು, ನಿಸ್ಸಾನ್ ಹೆಸರಿನ 1.6 ಲೀಟರ್ ಟರ್ಬೊ ಇಂಜಿನ್ ಬಂತು. ಸುಮಾರು 300 ಅಶ್ವಶಕ್ತಿ, 40 ಲೀಟರ್ ಟ್ಯಾಂಕ್. ಕಾರಿನ ತೂಕ 475 ಕೆಜಿ ಆಸುಪಾಸು. ಅದೇ ರೇಸ್‌ನ ದೊಡ್ಡ ಕಾರುಗಳು 900 ಕೆಜಿ ಇದ್ದವು!

ಹೊಸ ಪ್ರಯೋಗಗಳಿಗಾಗಿ ಇಟ್ಟಿರುವ 56ನೇ ಗ್ಯಾರೇಜಿನಿಂದ, 0 ನಂಬರ್ ಹಾಕಿಕೊಂಡು ಓಡಿತು. ಸಂಘಟಕರು ಕೊಟ್ಟ ಗುರಿ ಲ್ಯಾಪ್‌ಗೆ 3 ನಿಮಿಷ 45 ಸೆಕೆಂಡ್. ಅರ್ಹತಾ ಸುತ್ತಿನಲ್ಲಿ 3:42.6ಕ್ಕೇ ಮುಗಿಸಿತು. ಅಷ್ಟು ಚಿಕ್ಕ ಇಂಜಿನ್ನಿನಲ್ಲಿ!

ಅರ್ಧ ಅಂಕ ಕಳೆದದ್ದು ಯಾಕೆ ಅಂದರೆ, ಪಕ್ಕದ ಡ್ರೈವರ್‌ಗಳಿಗೆ ಈ ಕಾರು ಸರಿಯಾಗಿ ಕಾಣಲ್ಲ. ಕಪ್ಪು ಬಣ್ಣ, ತಗ್ಗು ಮೈ, ಚೂಪು ಮೂತಿ. 75 ಲ್ಯಾಪ್ ಮುಗಿಸಿದ ಮೇಲೆ ಪೋರ್ಷೆ ಕರ್ವ್ಸ್ ಅನ್ನುವ ತಿರುವುಗಳಲ್ಲಿ ಟೊಯೊಟಾ ಒಂದು ತಾಗಿ, ಇದು ಗೋಡೆಗೆ ಹೋಗಿ ಬಡಿಯಿತು. ಟ್ರ್ಯಾಕ್ ಮೇಲೆ ನಿಂತ ಕಾರನ್ನು ಡ್ರೈವರ್ ಬಿಟ್ಟು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಆಗ ಓಡಿಸುತ್ತಿದ್ದ ಸತೋಶಿ ಮೊತೊಯಾಮಾ ಒಬ್ಬರೇ ಸುಮಾರು ಒಂದೂವರೆ ಗಂಟೆ ರಿಪೇರಿಗೆ ಒದ್ದಾಡಿದರು. ಬೇಲಿಯ ಆಚೆ ನಿಂತ ಮೆಕ್ಯಾನಿಕ್‌ಗಳು ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳಿಕೊಡುತ್ತಿದ್ದರು, ಕೈ ಹಾಕಲು ಮಾತ್ರ ಆಗುತ್ತಿರಲಿಲ್ಲ. ಕಾರು ಕೊನೆಗೂ ಕದಲಲಿಲ್ಲ. ಇವತ್ತಿಗೂ ಆ ದೃಶ್ಯ ನೋಡಿದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಇಷ್ಟಕ್ಕೇ ಇದನ್ನು ವಿಫಲ ಅಂದುಬಿಡುವವರಿಗೆ ನಾನು ತೋರಿಸುವುದು ಅದೇ ವರ್ಷ ಅಮೆರಿಕದಲ್ಲಿ ನಡೆದ ಪೆಟಿಟ್ ಲ ಮಾನ್ ರೇಸ್. ಅಲ್ಲಿನ ರೋಡ್ ಅಟ್ಲಾಂಟಾ ಟ್ರ್ಯಾಕ್‌ನಲ್ಲಿ ಅಭ್ಯಾಸದ ವೇಳೆ ಇನ್ನೊಂದು ಕಾರು ತಾಗಿ ಇದು ಉರುಳಿಬಿದ್ದಿತ್ತು. ತಂಡದವರು ರಿಪೇರಿ ಮಾಡಿ ರೇಸ್‌ಗೆ ಇಳಿಸಿದರು. ಗುನ್ನಾರ್ ಜೆನೆಟ್ ಮತ್ತು ಲುಕಾಸ್ ಒರ್ಡೊನೆಜ್ ಅದನ್ನು ಕೊನೆಯವರೆಗೂ ಓಡಿಸಿ ಐದನೆಯದಾಗಿ ತಂದು ನಿಲ್ಲಿಸಿದರು.