ಯಾಂಕೀಸ್ ರೇಡಿಯೊ ಕಾಮೆಂಟರಿ: 13 ಸೀಸನ್ ಕೇಳಿದವನ ವಿಮರ್ಶೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ರೇಡಿಯೊ ಕಾಮೆಂಟೇಟರ್ ಬದಲಾಗಬೇಕು ಅಂತ ವರ್ಷಗಟ್ಟಲೆ ಗೊಣಗಿದವರಲ್ಲಿ ನಾನೂ ಒಬ್ಬ. 2024ರ ಏಪ್ರಿಲ್‌ನಲ್ಲಿ ಜಾನ್ ಸ್ಟರ್ಲಿಂಗ್ ನಿವೃತ್ತಿ ತೆಗೆದುಕೊಂಡರು. 2025ರಲ್ಲಿ ಡೇವ್ ಸಿಮ್ಸ್ ಬಂದರು. ಕೇಳಿದ್ದು ಸಿಕ್ಕಿತು. ಸಿಕ್ಕಿದ ಮೇಲೆ ಮುಖ ಊದಿಸಿಕೊಂಡು ಕೂತೆ.

ನಾನು ಕೇಳುವುದು ಹೇಗೆ ಅಂತ ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಮನೆ. ಫ್ರಿಜ್ ಮೇಲೆ ಒಂದು ಹಳೇ ಟ್ರಾನ್ಸಿಸ್ಟರ್. ಯಾರೋ ಮನೆ ಖಾಲಿ ಮಾಡುವಾಗ ಹತ್ತು ಡಾಲರ್‌ಗೆ ಕೊಟ್ಟಿದ್ದು. ಮುಳ್ಳು ನಿಂತಿರುವುದು ಎಎಂ 660ರಲ್ಲೇ. ಡಬ್ಲ್ಯುಎಫ್ಎಎನ್ ಸ್ಟೇಷನ್. ಸಂಜೆ ಏಳಕ್ಕೆ ಆಟ ಶುರುವಾದರೆ ಮೊದಲ ಇನ್ನಿಂಗ್‌ನಲ್ಲಿ (ಒಂದು ಆಟಕ್ಕೆ ಒಂಬತ್ತು ಇನ್ನಿಂಗ್) ಈರುಳ್ಳಿ ಹೆಚ್ಚುವುದು. ಮೂರನೇ ಇನ್ನಿಂಗ್‌ಗೆ ಸಾರಿಗೆ ಒಗ್ಗರಣೆ. ಏಳನೆಯದಕ್ಕೆ ಪಾತ್ರೆ. ಮಿಕ್ಸಿ ಹಾಕಿದರೆ ಎಎಂ ರೇಡಿಯೊ ಗರ್ರ್ ಅನ್ನುತ್ತದೆ, ಒಂದಕ್ಷರ ಕೇಳಿಸಲ್ಲ. ಹಾಗಾಗಿ ಮೂರನೇ ಔಟ್ ಬಿದ್ದು ಬ್ಯಾಟಿಂಗ್ ಸರದಿ ಮುಗಿಯುವವರೆಗೂ ನಮ್ಮ ಮನೆಯಲ್ಲಿ ಚಟ್ನಿ ರುಬ್ಬುವಂತಿಲ್ಲ. ಹೆಂಡತಿಗೆ ಬೇಸ್‌ಬಾಲ್ ಬಗ್ಗೆ ಗೊತ್ತಿರುವುದು ಇದೊಂದೇ ನಿಯಮ.

ಟಿವಿ ಯಾಕಿಲ್ಲ ಅಂತ ಕೇಳಬೇಡಿ. ತಿಂಗಳಿಗೆ ಅಷ್ಟು ದುಡ್ಡು ಸುರಿಯುವ ಆಸೆ ನನಗಿಲ್ಲ. ಫೋನಿನ ಆ್ಯಪ್‌ನಲ್ಲೂ ಒಂದು ಸೀಸನ್ ಕೇಳಿ ನೋಡಿದೆ. ಅದು ಆಟಕ್ಕಿಂತ ಅರ್ಧ ನಿಮಿಷ ಹಿಂದೆ. ಪಕ್ಕದ ಮನೆಯವರು ಹೋ ಅಂತ ಕೂಗಿ, ಕೂತು, ನೀರು ಕುಡಿದ ಮೇಲೆ ನನಗೆ ಹೋಮ್ ರನ್ (ಬೇಲಿ ದಾಟುವ ಹೊಡೆತ, ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಬರುತ್ತಿತ್ತು. ಟ್ರಾನ್ಸಿಸ್ಟರ್‌ಗೆ ಆ ರೋಗ ಇಲ್ಲ. ದುಡ್ಡೂ ಇಲ್ಲ. ಜಾಹೀರಾತು ಮಾತ್ರ ಲೆಕ್ಕವಿಲ್ಲದಷ್ಟು. ಹದಿನೈದನೇ ಔಟ್‌ಗೂ ಒಬ್ಬ ಪ್ರಾಯೋಜಕ ಇರುತ್ತಾನೆ ಅಂದರೆ ನೋಡಿ.

ಇನ್ನು ಸ್ಟರ್ಲಿಂಗ್. 1989ರಿಂದ ಆ ಮೈಕ್ ಅವರದ್ದೇ. ಆ ವರ್ಷದ ಸೆಪ್ಟೆಂಬರ್‌ನಿಂದ 2019ರ ಜುಲೈವರೆಗೆ ಒಂದೂ ಆಟ ತಪ್ಪಿಸಲಿಲ್ಲ. ಸತತ 5,060 ಆಟ. ಮನೆಯಲ್ಲಿ ಮದುವೆ ಮುಂಜಿ ಏನೂ ಇರಲಿಲ್ವಾ ಅಂತ ನನಗೆ ಆಶ್ಚರ್ಯ. ದನಿ ಒಳ್ಳೇ ನಾಟಕದವರದ್ದು, ತುಂಬಿದ ದನಿ. ಚೆಂಡು ಮೇಲೇರಿತೋ, ‘ಇಟ್ ಈಸ್ ಹೈ, ಇಟ್ ಈಸ್ ಫಾರ್’ ಅಂತ ರಾಗ ಶುರು. ‘ಇಟ್ ಈಸ್ ಗಾನ್’ ಅನ್ನುವಷ್ಟರಲ್ಲಿ ಕೆಲವು ಸಲ ಫೀಲ್ಡರ್ ಬೇಲಿಯ ಹತ್ತಿರ ಅದನ್ನು ಹಿಡಿದಿರುತ್ತಿದ್ದ. ಅಭಿಮಾನಿಗಳಿಗೆ ಇದರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿ ಕೂಡ ಇತ್ತು. ನನಗೆ ಸಿಟ್ಟು ಜಾಸ್ತಿ. ರೇಡಿಯೊ ಕೇಳುವವನಿಗೆ ಕಣ್ಣಿಲ್ಲ ಸ್ವಾಮಿ, ಇರುವುದು ಕಿವಿ ಒಂದೇ.

ಆದರೆ 2022ರಲ್ಲಿ ಅಪ್ಪ ಬಂದರು. ಆರು ತಿಂಗಳ ವೀಸಾ, ಏಪ್ರಿಲ್‌ನಿಂದ ಅಕ್ಟೋಬರ್. ಸರಿಯಾಗಿ ಬೇಸ್‌ಬಾಲ್ ಸೀಸನ್! ಅಪ್ಪ ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಾ ಕೂರುತ್ತಿದ್ದರು. ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಒಂದು ದಿನ ಯಾಂಕೀಸ್ ಆಟಗಾರ ಆ್ಯರನ್ ಜಡ್ಜ್ ಹೋಮ್ ರನ್ ಹೊಡೆದ. ಸ್ಟರ್ಲಿಂಗ್ ಎಂದಿನಂತೆ ‘ಆಲ್ ರೈಸ್! ಹಿಯರ್ ಕಮ್ಸ್ ದ ಜಡ್ಜ್!’ ಅಂದರು. ಅಪ್ಪ ತಲೆ ಎತ್ತಿದರು.

“ಏನೋ ಇದು, ಕೋರ್ಟಾ?”

ವಿಷಯ ಹೇಳಿದೆ. ಅವನ ಹೆಸರೇ ಜಡ್ಜ್, ಅದಕ್ಕೆ ಹೀಗೆ ಕೂಗುತ್ತಾರೆ ಅಂತ. ಅಪ್ಪ ಹುರುಳಿಕಾಯಿ ತಟ್ಟೆ ಪಕ್ಕಕ್ಕಿಟ್ಟು ಗಂಭೀರವಾಗಿ ಎದ್ದು ನಿಂತರು. ನಲವತ್ತು ವರ್ಷದ ಅಭ್ಯಾಸ, ಕಾಲು ಕೇಳಲ್ಲ ಅಂದರು. ಆ ವರ್ಷ ಜಡ್ಜ್ ಹೊಡೆದದ್ದು 62 ಹೋಮ್ ರನ್, ಅಮೆರಿಕನ್ ಲೀಗ್ ದಾಖಲೆ. ರಾತ್ರಿ ನಿದ್ದೆಗೆ ಹೋದ ಮೇಲೆ ಬಂದವು ಬಿಟ್ಟು ಉಳಿದವಕ್ಕೆಲ್ಲ ಅಪ್ಪ ಎದ್ದರು. ಕೊನೆಗೆ ನನ್ನ ಮಗಳೂ ಏಳತೊಡಗಿದಳು.

ಆ ಬೇಸಿಗೆಯಲ್ಲಿ ನನಗೆ ಹಾಸನದ ಮನೆ ನೆನಪಾಯಿತು. ಆಕಾಶವಾಣಿಯಲ್ಲಿ ಕ್ರಿಕೆಟ್ ಕಾಮೆಂಟರಿ ಸ್ವಲ್ಪ ಹೊತ್ತು ಇಂಗ್ಲಿಷ್, ಸ್ವಲ್ಪ ಹೊತ್ತು ಹಿಂದಿ. ನಮಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ವಿಕೆಟ್ ಬಿತ್ತು ಅನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. ಸ್ಟರ್ಲಿಂಗ್ ಕೂಡ ಹಾಗೇ. ಪಕ್ಕದ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದರೂ ತಂಡ ಗೆಲ್ಲುತ್ತಿದೆಯಾ ಸೋಲುತ್ತಿದೆಯಾ ತಿಳಿಯುತ್ತಿತ್ತು. ಮಾತು ತಪ್ಪಿದರೂ ರಾಗ ತಪ್ಪುತ್ತಿರಲಿಲ್ಲ.

2023ರಲ್ಲಿ ಪಿಚ್ ಕ್ಲಾಕ್ ಬಂತು, ಅಂದರೆ ಚೆಂಡು ಎಸೆಯುವುದಕ್ಕೆ ಸಮಯದ ಮಿತಿ. ಬೇಸ್ (ರನ್‌ಗೆ ಓಡುವವರು ನಿಲ್ಲುವ ಜಾಗ) ಖಾಲಿ ಇದ್ದರೆ 15 ಸೆಕೆಂಡ್‌ನೊಳಗೆ ಚೆಂಡು ಎಸೆಯಬೇಕು. ಮೂರು ಗಂಟೆ ಮೀರುತ್ತಿದ್ದ ಆಟ ಎರಡು ಗಂಟೆ 40 ನಿಮಿಷಕ್ಕೆ ಇಳಿಯಿತು. ರಾಗ ಎಳೆಯುವವರಿಗೆ, ಹಳೇ ಕಥೆ ಹೇಳುವವರಿಗೆ ಇದು ಕಷ್ಟದ ಕಾಲ. ನನಗೂ ಅಷ್ಟೇ, ಪಲ್ಯ ಮುಗಿಯುವ ಮೊದಲೇ ಆಟ ಮುಗಿದಿರುತ್ತದೆ.

ಸ್ಟರ್ಲಿಂಗ್ ನಿವೃತ್ತಿ ತೆಗೆದುಕೊಂಡಾಗ ಅವರಿಗೆ 85 ವರ್ಷ. ಆ ಸೀಸನ್‌ನ ಬಹುಪಾಲು ಬೇರೆ ಬೇರೆಯವರು ಕೂತು ನಡೆಸಿದರು. ಕೊನೆಯಲ್ಲಿ ಸ್ಟರ್ಲಿಂಗ್ ಅವರೇ ವಾಪಸ್ ಬಂದು ವರ್ಲ್ಡ್ ಸೀರೀಸ್‌ವರೆಗೂ, ಅಂದರೆ ಲೀಗಿನ ಫೈನಲ್‌ವರೆಗೂ ಹೇಳಿದರು. ಕೊನೆಯ ಆಟದಲ್ಲಿ 5-0 ಮುಂದಿದ್ದ ಯಾಂಕೀಸ್ ಒಂದೇ ಇನ್ನಿಂಗ್‌ನಲ್ಲಿ ಎಲ್ಲ ಕಳೆದುಕೊಂಡು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡಕ್ಕೆ ಸೋತರು. ಇದಕ್ಕಿಂತ ಒಳ್ಳೇ ಬೀಳ್ಕೊಡುಗೆ ಕೊಡಬಹುದಿತ್ತು.

ಆ ಚಳಿಗಾಲದಲ್ಲಿ ಎಲ್ಲರೂ ಹೊಸಬರನ್ನು ಆರಿಸುವವರೇ. ನನ್ನ ಕಾರ್‌ಪೂಲಿನ ಗೆಳೆಯನ ವಾದ, ಬದಲಿಗೆ ಕೂತಿದ್ದ ಹುಡುಗರಲ್ಲೇ ಒಬ್ಬರಿಗೆ ಕೊಡಬೇಕಿತ್ತು, 85ರವರ ಜಾಗಕ್ಕೆ 70 ದಾಟಿದವರಾ ಅಂತ. ಇನ್ನೊಬ್ಬನಿಗೆ ಅನುಭವಸ್ಥರೇ ಬೇಕು. ಸಿಮ್ಸ್ ಅನುಭವಸ್ಥರೇ. ಹಿಂದೆ ನ್ಯೂಯಾರ್ಕ್ ರೇಡಿಯೊದಲ್ಲಿದ್ದವರು, ಆಮೇಲೆ 18 ಸೀಸನ್ ಸಿಯಾಟಲ್‌ನ ಮ್ಯಾರಿನರ್ಸ್ ಆಟಗಳನ್ನು ಟಿವಿಯಲ್ಲಿ ಹೇಳಿದವರು.

2025ರ ಮಾರ್ಚ್ 29, ಶನಿವಾರ ಮಧ್ಯಾಹ್ನ. ಅವರ ಎರಡನೇ ಆಟ. ನಾನು ದೋಸೆ ಹುಯ್ಯುತ್ತಿದ್ದೆ. ಯಾಂಕೀಸ್ ಬ್ಯಾಟಿಂಗ್‌ಗೆ ಬಂದದ್ದೇ ತಡ, ಮೊದಲ ಚೆಂಡಿಗೆ ಗೋಲ್ಡ್‌ಸ್ಮಿತ್ ಹೋಮ್ ರನ್. ಎರಡನೆಯದಕ್ಕೆ ಬೆಲಿಂಜರ್. ಮೂರನೆಯದಕ್ಕೆ ಜಡ್ಜ್. ಮೂರು ಚೆಂಡು, ಮೂರು ಹೋಮ್ ರನ್! ದೋಸೆ ಸೀದು ಹೋಯಿತು. ಆ ದಿನ ಒಟ್ಟು ಒಂಬತ್ತು ಹೊಡೆದರು, 20-9. ಇಷ್ಟೆಲ್ಲ ಆದರೂ ನನ್ನ ಕಿವಿ ಬೇರೇನೋ ಹುಡುಕುತ್ತಿತ್ತು. ಸ್ಟರ್ಲಿಂಗ್ ಒಬ್ಬೊಬ್ಬ ಆಟಗಾರನ ಹೆಸರಿಗೂ ಒಂದೊಂದು ಪ್ರಾಸ ಕಟ್ಟುತ್ತಿದ್ದರು. ಹಾಳು ಪ್ರಾಸಗಳು, ಮಗಳ ಶಾಲೆಯ ಜೋಕುಗಳಿಗಿಂತ ಕಡೆ. ಗೋಲ್ಡ್‌ಸ್ಮಿತ್, ಬೆಲಿಂಜರ್ ಇಬ್ಬರೂ ಅವರು ಹೋದ ಮೇಲೆ ತಂಡಕ್ಕೆ ಬಂದವರು. ಇವರಿಗೆ ಏನು ಕಟ್ಟುತ್ತಿದ್ದರೋ ಅಂತ ಯೋಚಿಸುತ್ತಾ ನಿಂತೆ. ಅದೇ ಮನುಷ್ಯನನ್ನು ಹತ್ತು ವರ್ಷ ಬೈದವನು!

ಸಿಮ್ಸ್ ಮೇಲೆ ನನ್ನ ದೂರೇನೂ ಇಲ್ಲ. ಚೆಂಡು ಎಲ್ಲಿ ಹೋಯಿತು ಅಂತ ನನಗೆ ಈಗ ಚೆನ್ನಾಗಿ ಕಾಣುತ್ತದೆ. ಉತ್ಸಾಹ ಇದೆ, ಗಲಾಟೆ ಮಾಡುತ್ತಾರೆ, ‘ಹೇ ನೌ’ ಅನ್ನುತ್ತಾರೆ. ಪಕ್ಕದಲ್ಲಿ ಸುಝಿನ್ ವಾಲ್ಡ್‌ಮನ್ ಹಾಗೇ ಇದ್ದಾರೆ, 2005ರಿಂದ ಇರುವವರು. 1987ರಲ್ಲಿ ಈ ಸ್ಟೇಷನ್ ಶುರುವಾದಾಗ ಮೊದಲು ಕೇಳಿಸಿದ ದನಿಯೇ ಅವರದ್ದು. ಅವರೂ ಹೋಗಿದ್ದರೆ ಟ್ರಾನ್ಸಿಸ್ಟರ್ ಮತ್ತೆ ಹತ್ತು ಡಾಲರ್‌ಗೆ ಮಾರಿಬಿಡುತ್ತಿದ್ದೆ. ಜುಲೈ ಹೊತ್ತಿಗೆ ಬಟ್ಟೆ ಮಡಚುವ ರೂಮಿನಿಂದಲೂ ಹೊಸ ದನಿ ಅರ್ಥವಾಗತೊಡಗಿತು. ಸಿಮ್ಸ್ ಏನೂ ಬದಲಾಗಿರಲಿಲ್ಲ.

ಅಕ್ಟೋಬರ್ 7. ಟೊರಾಂಟೊ ವಿರುದ್ಧ ಪ್ಲೇಆಫ್, ಇವತ್ತು ಸೋತರೆ ಮನೆಗೆ. ಯಾಂಕೀಸ್ 6-1 ಹಿಂದೆ. ಹಾಸನದಲ್ಲಿ ಮಾರನೇ ದಿನ ಬೆಳಗಾಗಿತ್ತು. ಅಪ್ಪ ಕಾಫಿ ಕುಡಿಯುತ್ತಾ ಫೋನ್ ಮಾಡಿದರು. ಫೋನನ್ನು ಫ್ರಿಜ್ ಮೇಲೆ ರೇಡಿಯೊ ಪಕ್ಕ ಇಟ್ಟೆ. ಸ್ಕೋರ್ 6-3 ಆಯಿತು. ನಾಲ್ಕನೇ ಇನ್ನಿಂಗ್, ಬೇಸ್ ಮೇಲೆ ಇಬ್ಬರು. ಗಂಟೆಗೆ ಸುಮಾರು 100 ಮೈಲಿ ವೇಗದ ಚೆಂಡು, ಮೈಗೆ ಒತ್ತಿಕೊಂಡು ಬಂದದ್ದು. ಅದನ್ನು ಜಡ್ಜ್ ಎಡಗಡೆಯ ಗಡಿ ಕಂಬದ ಕಡೆ ಬಾರಿಸಿದ. ಒಳಗಾ ಹೊರಗಾ ಅಂತ ನಾನು ಸೌಟು ಹಿಡಿದು ನಿಂತೆ. ಕಂಬಕ್ಕೆ ತಗುಲಿದರೆ ಹೋಮ್ ರನ್. ತಗುಲಿತು! ಬೇಸ್ ಮೇಲಿದ್ದ ಇಬ್ಬರು, ಜಡ್ಜ್, ಒಟ್ಟು ಮೂರು ರನ್. 6-6. ಸ್ಟೇಡಿಯಂ ಗದ್ದಲಕ್ಕೆ ಟ್ರಾನ್ಸಿಸ್ಟರ್ ಒಡೆದು ಹೋಗುವಂತಿತ್ತು.

“ಜಡ್ಜಾ?” ಅಂದರು ಅಪ್ಪ.

“ಹೌದಪ್ಪ.”

“ಇವರು ಯಾರೋ ಹೊಸಬರು. ಎದ್ದೇಳಿ ಅಂದರೋ ಇಲ್ಲವೋ?”

“ಗದ್ದಲದಲ್ಲಿ ಕೇಳಿಸಲಿಲ್ಲ.”

“ನಾನಂತೂ ಎದ್ದೆ, ಬಿಡು.”

ಆ ರಾತ್ರಿ 9-6 ಗೆದ್ದರು. ಮಾರನೇ ರಾತ್ರಿ ಸೋತರು, ಸೀಸನ್ ಮುಗಿಯಿತು. ಹಳೆಯದಕ್ಕೆ ಐದರಲ್ಲಿ ಮೂರು ನಕ್ಷತ್ರ ಅಂತ ಯಾವತ್ತೋ ಬರೆದಿಟ್ಟಿದ್ದೆ, ಈಗ ನಾಲ್ಕು ಮಾಡುತ್ತೇನೆ. ಹೊಸದಕ್ಕೆ ಸದ್ಯಕ್ಕೆ ಮೂರೂವರೆ. ಟ್ರಾನ್ಸಿಸ್ಟರ್‌ನ ಬ್ಯಾಟರಿ ತೆಗೆದು ಡ್ರಾಯರ್‌ಗೆ ಹಾಕಿದ್ದೇನೆ. ಒಳಗೇ ಬಿಟ್ಟರೆ ಚಳಿಗಾಲದಲ್ಲಿ ಸೋರುತ್ತವೆ.